ನಾಮನಿರ್ಣಯದ ಧರ್ಮ

ಹೆಸರಿಡುವದು ಬೇರೆ, ಹೆಸರು ಹೇಳುವದು ಬೇರೆ. ತೊಟ್ಟಿಲಲ್ಲಿರುವ ಕೂಸಿಗೆ ಹೆಸರಿಡುವ ತಾಯಿಯು ಸುಳ್ಳಾಡಲಾರಳು. ಅವಳು ಇಟ್ಟದ್ದೇ ಅದರ ಹೆಸರು. ಆದರೆ ದಾರಿಯಲ್ಲಿ ಎದುರಾದವನನ್ನು ತೋರಿಸಿ ‘ಇವನು ಇಂಥವನು’ ಎಂದು ಹೇಳುವವನು ಆ ಕ್ಷಣದಿಂದಲೇ ಸಾಕ್ಷಿಯಾಗುತ್ತಾನೆ. ಅವನ ಮಾತು ನಿಜವಾದೀತು, ಇಲ್ಲವೆ ಹುಸಿಯಾದೀತು. ಅದನ್ನು ನಂಬಿ ನಡೆದವರ ಲಾಭಹಾನಿಗಳಲ್ಲಿ ಅವನಿಗೂ ಪಾಲುಂಟು. ಈ ಎರಡನೆಯ ಬಗೆಯ ಹೊಣೆಯು ಈಗಿನ ಕಾಲದಲ್ಲಿ ಒಂದು ಅತ್ಯಲ್ಪವಾದ ಪ್ರಾಣಿಯ ನಿಮಿತ್ತವಾಗಿ ಹೊಸ ರೂಪವನ್ನು ತಾಳಿದೆ. ಆ ಪ್ರಾಣಿಯೇ ಜೀರುಂಡೆ.

ಇಂಡಿಯ ನಿಂಬೆಯ ತೋಟಗಳಲ್ಲಿಯೂ, ಸಿಂದಗಿಯ ತೊಗರಿಯ ಹೊಲಗಳಲ್ಲಿಯೂ, ಮುದ್ದೇಬಿಹಾಳದ ಕೃಷ್ಣೆಯ ದಂಡೆಯಲ್ಲಿಯೂ, ಬಸವನ ಬಾಗೇವಾಡಿಯ ಎರೆಯ ಭೂಮಿಯಲ್ಲಿಯೂ ಮೊದಲ ಮಳೆ ಬಿದ್ದೊಡನೆ ನಾನಾ ಬಗೆಯ ಜೀರುಂಡೆಗಳು ಹೊರಬೀಳುತ್ತವೆ. ಮೊದಲಾದರೆ ಅವನ್ನು ಕಂಡವರು ಕಂಡು ಸುಮ್ಮನಾಗುತ್ತಿದ್ದರು. ಈಗ ಕಿಸೆಯಲ್ಲಿಯ ದೂರವಾಣಿಯೇ ಛಾಯಾಚಿತ್ರದ ಯಂತ್ರವೂ ಆಗಿರುವದರಿಂದ, ವಿದ್ಯಾರ್ಥಿಯಾಗಲಿ ಒಕ್ಕಲಿಗನಾಗಲಿ ಹುಳುವಿನ ಚಿತ್ರವನ್ನು ತೆಗೆದು, ಬಲ್ಲವರಿಗೆ ಕಳಿಸಿ, ‘ಇದರ ಹೆಸರೇನು?’ ಎಂದು ಕೇಳಬಲ್ಲನು. ಕೇಳುವದು ಒಳ್ಳೆಯದೇ, ಜಿಜ್ಞಾಸೆಯೇ ವಿದ್ಯೆಯ ಮೊದಲ ಮೆಟ್ಟಿಲು. ಆದರೆ ಉತ್ತರ ಕೊಡುವವನ ಧರ್ಮವೇನು? ಚಿತ್ರವೊಂದನ್ನೇ ಕಂಡು ಅವನು ಎಷ್ಟರ ಮಟ್ಟಿಗೆ ಹೆಸರು ಹೇಳಬೇಕು, ಎಲ್ಲಿಗೆ ನಿಲ್ಲಿಸಬೇಕು? ಇದು ಕೀಟಶಾಸ್ತ್ರದ ಪ್ರಶ್ನೆಯಂತೆ ತೋರಿದರೂ ನಿಜವಾಗಿ ಸತ್ಯದ ಪ್ರಶ್ನೆ. ಸ್ವಲ್ಪ ಮುಂದೆ ಹೋದರೆ ದಯೆಯ ಪ್ರಶ್ನೆಯೂ ಹೌದು.

ಈ ವಿಷಯದಲ್ಲಿ ನೈಯಾಯಿಕರು ಹಿಂದೆಯೇ ಒಂದು ದಾರಿಯನ್ನು ತೋರಿಸಿದ್ದಾರೆ. ಅವರು ಉಪಮಾನವೆಂಬ ಪ್ರಮಾಣವನ್ನು ವಿವರಿಸುವಾಗ ಗವಯವೆಂಬ ಕಾಡುಪ್ರಾಣಿಯ ದೃಷ್ಟಾಂತವನ್ನು ಕೊಡುವರು. ಪಟ್ಟಣದವನೊಬ್ಬನು ಗವಯವನ್ನು ಕಂಡವನಲ್ಲ. ಗವಯವು ಆಕಳನ್ನು ಹೋಲುವದೆಂದು ಅರಣ್ಯವಾಸಿಯೊಬ್ಬನು ಅವನಿಗೆ ಹೇಳುತ್ತಾನೆ. ಮುಂದೆ ಅವನು ಕಾಡಿಗೆ ಹೋದಾಗ ಆಕಳನ್ನು ಹೋಲುವ ಪ್ರಾಣಿಯನ್ನು ಕಂಡು, ಕೇಳಿದ ಮಾತನ್ನು ನೆನೆದು, ಗವಯವೆಂಬ ಶಬ್ದಕ್ಕೆ ಇದೇ ಅರ್ಥವೆಂದು ತಿಳಿಯುತ್ತಾನೆ. ಸಂಜ್ಞೆಗೂ ಸಂಜ್ಞಿಗೂ ಇರುವ ಸಂಬಂಧದ ಅರಿವೇ ಇಲ್ಲಿಯ ಫಲ. ಇದರಲ್ಲಿ ಎರಡು ಅಂಗಗಳಿವೆ: ನಂಬತಕ್ಕವನ ವಾಕ್ಯವೊಂದು, ತನ್ನ ಕಣ್ಣಿನ ದರ್ಶನವೊಂದು. ಇವೆರಡೂ ಒಬ್ಬನಲ್ಲಿಯೇ ಕೂಡಿದುದರಿಂದ ಜ್ಞಾನವು ಹುಟ್ಟಿತು.

ಚಿತ್ರವನ್ನು ಕಳಿಸಿ ಹೆಸರು ಕೇಳುವಲ್ಲಿ ಈ ಎರಡು ಅಂಗಗಳು ಇಬ್ಬರಲ್ಲಿ ಹಂಚಿಹೋಗಿವೆ. ಹುಳುವನ್ನು ಕಂಡವನಲ್ಲಿ ವಾಕ್ಯವಿಲ್ಲ. ವಾಕ್ಯವುಳ್ಳ ವಿದ್ವಾಂಸನು ಹುಳುವನ್ನು ಕಂಡಿಲ್ಲ. ನಡುವೆ ಸೇತುವೆಯಾಗಿ ನಿಂತದ್ದು ಚಿತ್ರ. ಸೇತುವೆಯು ಎಷ್ಟು ಭಾರವನ್ನು ತಾಳೀತೆಂಬದನ್ನು ಮೊದಲು ಪರೀಕ್ಷಿಸಬೇಕು.

ಚಿತ್ರವು ಒಂದು ಮಗ್ಗುಲನ್ನು, ಒಂದು ಬೆಳಕಿನಲ್ಲಿ, ಒಂದು ಕ್ಷಣದಲ್ಲಿ ಮಾತ್ರ ತೋರಿಸುತ್ತದೆ. ಅಳತೆಗಾಗಿ ಪಕ್ಕದಲ್ಲಿ ಏನನ್ನೂ ಇಡದಿದ್ದರೆ ಗೋದಿಯ ಕಾಳಿನಷ್ಟು ಹುಳುವೂ ಹೆಬ್ಬೆರಳಿನಷ್ಟು ಹುಳುವೂ ಚಿತ್ರದಲ್ಲಿ ಸಮನಾಗಿಯೇ ಕಾಣುವವು. ಲೋಹದಂತೆ ಹೊಳೆಯುವ ಜೀರುಂಡೆಗಳ ಬಣ್ಣವು ಕೋನ ಬದಲಾದಂತೆ ಬದಲಾಗುತ್ತದೆ. ಒಂದು ಚಿತ್ರದಲ್ಲಿ ಹಸಿರಾದದ್ದು ಇನ್ನೊಂದರಲ್ಲಿ ತಾಮ್ರವರ್ಣದ್ದಾದೀತು. ಹೊಟ್ಟೆಯ ಅಡಿಯ ಭಾಗ, ಮೀಸೆಯ ಗಿಣ್ಣುಗಳ ಎಣಿಕೆ, ಪಾದದ ಗಿಣ್ಣುಗಳ ಎಣಿಕೆ, ಬಾಯಿಯ ರಚನೆ ಇವು ಬೆನ್ನಿನ ಚಿತ್ರದಲ್ಲಿ ಸಾಮಾನ್ಯವಾಗಿ ಸಿಕ್ಕುವದಿಲ್ಲ. ಶಾಸ್ತ್ರಜ್ಞರು ಪ್ರಭೇದಗಳನ್ನು ಬೇರ್ಪಡಿಸುವದಾದರೋ ಬಹುಮಟ್ಟಿಗೆ ಇಂಥ ಗುಪ್ತವಾದ ಅವಯವಗಳಿಂದಲೇ.

ಮಬ್ಬುಬೆಳಕಿನಲ್ಲಿ ದೂರದಿಂದ ನೆಟ್ಟಗೆ ನಿಂತದ್ದೊಂದನ್ನು ಕಂಡವನಿಗೆ ಅದು ಮೋಟುಮರವೋ ಮನುಷ್ಯನೋ ಎಂಬ ಸಂಶಯ ಹುಟ್ಟುವದೆಂದು ನ್ಯಾಯಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಎತ್ತರವೆಂಬ ಸಾಮಾನ್ಯಧರ್ಮವು ಕಾಣುತ್ತದೆ. ಪೊಟರೆಯಾಗಲಿ ಕೈಕಾಲಾಗಲಿ ವಿಶೇಷಧರ್ಮವು ಕಾಣುವದಿಲ್ಲ. ಸಂಶಯದ ಹುಟ್ಟು ಇದೇ. ಜೀರುಂಡೆಯ ಚಿತ್ರದ ಸ್ಥಿತಿಯೂ ಅನೇಕ ವೇಳೆ ಇದಕ್ಕಿಂತ ಬೇರೆಯಲ್ಲ.

ಮನೆಯೊಳಗಿನ ಉದಾಹರಣೆಯನ್ನೇ ನೋಡತಕ್ಕದ್ದು. ಹಿಟ್ಟಿನ ಡಬ್ಬಿಯಲ್ಲಿ ಕಾಣುವ ಕೆಂಪುಮಿಶ್ರಿತ ಕಂದುಬಣ್ಣದ ಸಣ್ಣ ಹುಳುವಿಗೆ ಟ್ರೈಬೋಲಿಯಂ ಕ್ಯಾಸ್ಟೇನಿಯಂ ಎಂದು ಹೆಸರು. ಇದರ ದಾಯಾದಿಯೊಂದುಂಟು, ಅದನ್ನು ಇದರೊಡನೆ ಗೊಂದಲ ಮಾಡಿಕೊಳ್ಳುತ್ತಿದ್ದುದರಿಂದಲೇ ಅದಕ್ಕೆ ಟ್ರೈಬೋಲಿಯಂ ಕನ್‌ಫ್ಯೂಸಂ, ಅಂದರೆ ಗೊಂದಲದ್ದು, ಎಂದು ಹೆಸರು ಬಂದಿದೆ. ಮೊದಲಿನದರ ಮೀಸೆಯ ತುದಿಯ ಮೂರು ಗಿಣ್ಣುಗಳು ಒಮ್ಮೆಲೇ ದಪ್ಪನಾಗಿ ಗದೆಯಂತಿರುವವು. ಎರಡನೆಯದರ ಮೀಸೆಯು ತುದಿಯ ಕಡೆಗೆ ಕ್ರಮಕ್ರಮವಾಗಿ ದಪ್ಪವಾಗುವದು. ಮೀಸೆಯು ಸ್ಪಷ್ಟವಾಗಿ ಕಂಡರೆ ಚಿತ್ರವು ಸಾಕು, ಕಾಣದಿದ್ದರೆ ಸಾಲದು.

ಒಂದು ಕಾಲಕ್ಕೆ ಈ ಸೀಮೆಯವರು ಹಗೇವುಗಳಲ್ಲಿ ತುಂಬಿಡುತ್ತಿದ್ದ ಜೋಳಕ್ಕೂ, ಈಗ ಚೀಲಗಳಲ್ಲಿಡುವ ಗೋವಿನಜೋಳಕ್ಕೂ ಬೀಳುವ ಮೂತಿಹುಳುವಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಸಿಟೊಫಿಲಸ್ ಒರೈಝೀ, ಸಿಟೊಫಿಲಸ್ ಝಿಯಾಮೈಸ್ ಎಂಬ ಎರಡು ಪ್ರಭೇದಗಳಿವೆ. ಎರಡಕ್ಕೂ ಉದ್ದವಾದ ಮೂತಿ. ಎರಡರ ಬೆನ್ನಿನ ಮೇಲೂ ನಾಲ್ಕು ಮಸುಕಾದ ಕೆಂಪು ಮಚ್ಚೆಗಳು. ಎರಡೂ ಕಾಳನ್ನು ಕೊರೆದು ಒಳಗೆ ತತ್ತಿಯಿಡುವವು. ಇವನ್ನು ನಿಸ್ಸಂದೇಹವಾಗಿ ಬೇರ್ಪಡಿಸಬೇಕಾದರೆ ಹುಳುವನ್ನು ಕೊಂದು, ಅದರ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ೨೦ನೆಯ ಶತಮಾನದ ನಡುವಿನ ವರೆಗೆ ವಿದ್ವಾಂಸರಿಗೇ ಇವುಗಳ ವಿಷಯದಲ್ಲಿ ಗೊಂದಲವಿತ್ತು. ಹೀಗಿರಲು ಚಿತ್ರವನ್ನು ಕಂಡು ‘ಇದು ಒರೈಝೀಯೇ’ ಎನ್ನುವವನು ತಾನು ಕಾಣದ್ದನ್ನು ಕಂಡೆನೆಂದು ಹೇಳಿದಂತಾಗುವದು.

ಇಲ್ಲಿ ಪೂರ್ವಪಕ್ಷದವರು ಹೀಗೆನ್ನಬಹುದು: ‘ಇದರಿಂದ ಯಾರಿಗೆ ಏನು ಕೇಡು? ಹುಡುಗನೊಬ್ಬನು ಆಸೆಯಿಂದ ಕೇಳಿದನು. ಬಹುಶಃ ಸರಿಯಾಗಿರುವ ಹೆಸರೊಂದನ್ನು ಕೊಟ್ಟರೆ ಅವನಿಗೆ ಉತ್ಸಾಹ ಹೆಚ್ಚುವದು. ತಿಳಿಯದೆಂದು ಹೇಳಿದರೆ ಅವನು ಕುಗ್ಗಿಹೋಗುವನು. ಪ್ರಿಯವಾದ ಸಣ್ಣ ತಪ್ಪಿಗಿಂತ ಅಪ್ರಿಯವಾದ ಮೌನವು ಮೇಲೇ?’

ಈ ಆಕ್ಷೇಪವು ಕರುಣೆಯಿಂದ ಹುಟ್ಟಿದ್ದಾದರೂ ವಿಚಾರವನ್ನು ತಾಳಲಾರದು. ಹೆಸರೆಂಬದು ಕೇಳಿದವನ ಕಿವಿಯಲ್ಲಿಯೇ ನಿಲ್ಲುವ ವಸ್ತುವಲ್ಲ. ಬದನೆಯ ಎಲೆಯನ್ನು ಜರಡಿಯಂತೆ ತಿನ್ನುವ ಹೆನೊಸೆಪಿಲಾಕ್ನಾ ಎಂಬ ಚುಕ್ಕೆಯ ಹುಳುವೂ, ಕುಸುಬೆಯ ಮೇಲಿನ ಹೇನುಗಳನ್ನು ತಿಂದು ಬೆಳೆಯನ್ನು ಕಾಯುವ ಗುಲಗಂಜಿಹುಳುವೂ ಒಂದೇ ಕುಟುಂಬದವು. ಎರಡೂ ಗುಂಡಗೆ, ಎರಡೂ ಚುಕ್ಕೆಯುಳ್ಳವು. ಕಾಯುವ ಹುಳುವಿಗೆ ತಿನ್ನುವದರ ಹೆಸರನ್ನು ಹೇಳಿದರೆ ಒಕ್ಕಲಿಗನು ಮರುದಿನವೇ ವಿಷವನ್ನು ಸಿಂಪಡಿಸಿ ತನ್ನ ಕಾವಲುಗಾರರನ್ನು ತಾನೇ ಕೊಂದುಕೊಳ್ಳುವನು. ಹೇನುಗಳು ಮತ್ತೆ ಹೆಚ್ಚುವವು. ತಿನ್ನುವದಕ್ಕೆ ಕಾಯುವದರ ಹೆಸರನ್ನು ಹೇಳಿದರೆ ಬದನೆಯು ಹಾಳಾಗುವದು. ಹೇಳಿದವನಿಗೆ ಅದು ಒಂದು ಶಬ್ದ. ಕೇಳಿದವನಿಗೆ ಅದು ಒಂದು ಹಂಗಾಮಿನ ಬೆಳೆ.

ಇಲ್ಲಿಯೇ ಲಕ್ಷಣದ ದೋಷಗಳನ್ನೂ ನೆನೆಯಬಹುದು. ಎಲೆ ತಿನ್ನುವ ಈ ಹುಳುವಿಗೆ ‘ಚುಕ್ಕೆಯುಳ್ಳದ್ದು’ ಎಂದು ಲಕ್ಷಣ ಹೇಳಿದರೆ ಅತಿವ್ಯಾಪ್ತಿ; ಗುಲಗಂಜಿಹುಳುವಿಗೂ ಅದು ಸಲ್ಲುವದು. ಫಾಬ್ರಿಸಿಯಸ್ ಎಂಬ ಪಂಡಿತನು ೧೭೭೫ರಲ್ಲಿ ಇದರ ಒಂದು ಪ್ರಭೇದಕ್ಕೆ ೨೮ ಚುಕ್ಕೆಯದೆಂಬ ಅರ್ಥದ ಹೆಸರನ್ನಿಟ್ಟನು. ಹೆಸರನ್ನೇ ನಂಬಿ ‘೨೮ ಚುಕ್ಕೆಯಿದ್ದರೆ ಮಾತ್ರ ಅದು’ ಎಂದರೆ ಅವ್ಯಾಪ್ತಿ. ಅದೇ ಪ್ರಭೇದದ ಕೆಲವು ಹುಳುಗಳಿಗೆ ಚುಕ್ಕೆಗಳು ಕಡಿಮೆಯಿರುವವು. ಬೆನ್ನು ಹೊಳಪಿಲ್ಲದೆ ನವಿರಾದ ರೋಮಗಳಿಂದ ಮುಚ್ಚಿದೆಯೇ ಎಂಬದು ಚುಕ್ಕೆಗಳ ಎಣಿಕೆಗಿಂತ ಒಳ್ಳೆಯ ಗುರುತು. ಗುಲಗಂಜಿಹುಳುಗಳಲ್ಲಿ ಸಾಮಾನ್ಯವಾಗಿ ಕಾಣುವವುಗಳ ಬೆನ್ನು ನುಣುಪಾಗಿ ಹೊಳೆಯುವದು. ಒಳ್ಳೆಯ ಚಿತ್ರದಲ್ಲಿ ಈ ರೋಮಗಳು ಕಾಣುವವು. ಕೆಟ್ಟ ಚಿತ್ರದಲ್ಲಿ ಚುಕ್ಕೆಗಳು ಮಾತ್ರ ಕಾಣುವವು. ಮೋಸವು ಅಲ್ಲಿಯೇ ಇದೆ.

ಇಷ್ಟೇ ಅಲ್ಲ. ಈಗ ಚಿತ್ರವನ್ನು ತೋರಿಸಿದ ಕೂಡಲೆ ಯಂತ್ರವೇ ಹೆಸರು ಹೇಳುವ ಕಾಲ ಬಂದಿದೆ. ಯಂತ್ರವು ಸಾದೃಶ್ಯವನ್ನು ಅಳೆಯುತ್ತದೆ. ಮೊದಲು ಮನುಷ್ಯರು ಹೆಸರು ಬರೆದಿಟ್ಟ ಚಿತ್ರಗಳಿಂದಲೇ ಅದು ಪಾಠ ಕಲಿತಿದೆ. ಆ ಮೊದಲಿನ ಹೆಸರು ತಪ್ಪಾಗಿದ್ದರೆ ತಪ್ಪೇ ಅದರ ಪಾಠವಾಗುವದು. ಅದು ಹೇಳಿದ್ದನ್ನು ನೋಡಿ ಮತ್ತೊಬ್ಬನು ಅದೇ ಹೆಸರನ್ನು ಬರೆಯುವನು. ಅದನ್ನು ನೋಡಿ ಯಂತ್ರವು ಮತ್ತಷ್ಟು ದೃಢವಾಗುವದು. ಕುರುಡನು ಕುರುಡನ ಕೈ ಹಿಡಿದು ನಡೆಯುವ ಅಂಧಪರಂಪರಾನ್ಯಾಯವೆಂದು ಹಿರಿಯರು ಹೇಳಿದ್ದು ಇದನ್ನೇ. ಹುಡುಗನ ಉತ್ಸಾಹಕ್ಕಾಗಿ ಕೊಟ್ಟ ಒಂದು ಪ್ರಿಯವಾದ ಹುಸಿಯು ಹೀಗೆ ಸಾವಿರ ಬಾಯಿಗಳಲ್ಲಿ ಸತ್ಯವೆಂದು ಮೆರೆಯಬಹುದು.

ಇನ್ನೊಬ್ಬ ಆಕ್ಷೇಪಕನು ವಿರುದ್ಧ ದಿಕ್ಕಿನಿಂದ ಬರುವನು: ‘ಹಾಗಾದರೆ ಚಿತ್ರದಿಂದ ಯಾವದನ್ನೂ ತಿಳಿಯುವದು ಶಕ್ಯವಿಲ್ಲ. ಎಲ್ಲದಕ್ಕೂ ತಿಳಿಯದೆಂದು ಹೇಳಿ ಕೈಕಟ್ಟಿ ಕುಳಿತುಕೊಳ್ಳುವದೇ ಸರಿ.’ ಇದೂ ಸಲ್ಲದು. ಸಂಶಯವು ವಿಶೇಷದರ್ಶನದಿಂದ ನಾಶವಾಗುವದು. ಆ ವಿಶೇಷವು ಚಿತ್ರದಲ್ಲಿ ಕಂಡಲ್ಲಿ ಸಂಶಯಪಡುವದೇ ದೋಷ. ಬಯಲುಸೀಮೆಯ ಒಣನೆಲದಲ್ಲಿ ಓಡಾಡುವ, ಕಪ್ಪು ಮೈಮೇಲೆ ಆರು ಬಿಳಿಯ ದೊಡ್ಡ ಚುಕ್ಕೆಗಳುಳ್ಳ ಆಂಥಿಯಾ ಸೆಕ್ಸ್‌ಗಟ್ಟಾಟಾ ಎಂಬ ದೊಡ್ಡ ಜೀರುಂಡೆಯು ತನ್ನ ಹೆಸರನ್ನು ತಾನೇ ಬೆನ್ನಮೇಲೆ ಹೊತ್ತು ತಿರುಗುವದು. ಬಲ್ಲವನು ಅದನ್ನು ಚಿತ್ರದಲ್ಲಿ ಕಂಡು ನಿಶ್ಚಯವಾಗಿ ಹೇಳಬಹುದು. ಹೇಳದಿದ್ದರೆ ಅದು ಹೇಡಿತನವಾದೀತು.

ನಿಶ್ಚಯಕ್ಕೂ ಅಜ್ಞಾನಕ್ಕೂ ನಡುವೆ ಮೆಟ್ಟಿಲುಗಳಿವೆ ಎಂಬದನ್ನು ಈ ಇಬ್ಬರು ಆಕ್ಷೇಪಕರೂ ಮರೆತಿದ್ದಾರೆ. ೧೭೫೮ರಲ್ಲಿ ಲಿನೇಯಸನು ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರನ್ನು ನೆಲೆಗೊಳಿಸಿದನು. ಮೊದಲ ಪದವು ಕುಲವನ್ನು ಹೇಳುವದು, ಎರಡೂ ಪದಗಳು ಕೂಡಿ ಪ್ರಭೇದವನ್ನು ಹೇಳುವವು. ಇವುಗಳ ಮೇಲೆ ಕುಟುಂಬ, ಗಣ ಮುಂತಾದ ಮೆಟ್ಟಿಲುಗಳಿವೆ. ಲೋಕದಲ್ಲಿ ಹೆಸರು ಪಡೆದ ಜೀರುಂಡೆಯ ಪ್ರಭೇದಗಳೇ ಸುಮಾರು ೪ ಲಕ್ಷ. ಇಂಥ ಸಮುದ್ರದಲ್ಲಿ ಕಾಲು ಸಿಕ್ಕುವ ಮೆಟ್ಟಿಲಿನ ಮೇಲೆ ನಿಲ್ಲುವದೇ ಜಾಣತನ. ಮೊದಲ ಮಳೆಯ ಸಂಜೆ ಬೇವಿನ ಮರಕ್ಕೆ ಮುತ್ತುವ ಕಂದು ಜೀರುಂಡೆಯ ಚಿತ್ರ ಬಂದಾಗ ‘ಇದು ಹೊಲೊಟ್ರಿಕಿಯಾ ಕುಲದ್ದೆಂದು ತೋರುವದು, ಪ್ರಭೇದವನ್ನು ಚಿತ್ರದಿಂದ ಹೇಳಲಾಗದು’ ಎಂದು ಉತ್ತರ ಕೊಟ್ಟವನು ಏನನ್ನೂ ಕಡಿಮೆ ಕೊಟ್ಟಿಲ್ಲ. ಕಬ್ಬಿನ ಬೇರನ್ನು ಕಡಿಯುವ ಗೊಣ್ಣೆಹುಳು ಇಂಥವುಗಳ ಮರಿಯೇ. ಸಂಜೆ ಮರವನ್ನು ಅಲುಗಿಸಿ ಬಿದ್ದ ಜೀರುಂಡೆಗಳನ್ನು ಆರಿಸಬೇಕೆಂದು ಒಕ್ಕಲಿಗನು ತಿಳಿಯುವದಕ್ಕೆ ಆ ಒಂದು ಪದವೇ ಸಾಕು. ಪ್ರಯೋಜನಕ್ಕೆ ಬೇಕಾದಷ್ಟು ಸತ್ಯವು ದೊರಕಿರುವಾಗ ಅದರ ಮೇಲೆ ಹುಸಿಯ ಕಲಶವನ್ನಿಡುವ ಅವಶ್ಯಕತೆಯೇನು?

ಈಗ ಎಲ್ಲಕ್ಕೂ ಕಠಿಣವಾದ ಮೂರನೆಯ ಆಕ್ಷೇಪವನ್ನು ಎತ್ತಿಕೊಳ್ಳಬೇಕು. ‘ಸಂಶಯವು ಹೋಗಬೇಕಾದರೆ ಹುಳುವನ್ನು ಹಿಡಿದು ಕೊಂದು ಕಳಿಸಿದರೆ ತೀರಿತು. ಚಿತ್ರದ ಗೊಡವೆಯೇ ಏಕೆ?’ ಹಿಂದಿನವರು ಮಾಡಿದ್ದು ಇದನ್ನೇ. ಕಾರವಾರದ ಸೀಮೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬವರು ಸಂಗ್ರಹಿಸಿದ ನೆಲಜೀರುಂಡೆಗಳನ್ನು ಎಚ್. ಇ. ಆಂಡ್ರೂಸ್ ಎಂಬ ಪಂಡಿತರು ಪರೀಕ್ಷಿಸಿದರು. ಆಂಡ್ರೂಸರು ಭಾರತದ ಇಂಥ ಜೀರುಂಡೆಗಳ ಮೇಲೆ ೧೯೨೯ರಲ್ಲಿಯೂ ೧೯೩೫ರಲ್ಲಿಯೂ ಪ್ರಕಟಿಸಿದ ಸಂಪುಟಗಳನ್ನು ಇಂದಿಗೂ ವಿದ್ವಾಂಸರು ತೆರೆದು ನೋಡುವರು. ಸೂಜಿಗೆ ಚುಚ್ಚಿಟ್ಟ ಹುಳುವು ನೂರು ವರ್ಷಗಳ ಮೇಲೂ ಮರುಪರೀಕ್ಷೆಗೆ ಸಿಕ್ಕುವದು; ಹಿಂದಿನ ವಿದ್ವಾಂಸನು ತಪ್ಪಿದ್ದರೆ ಇಂದಿನವನು ತಿದ್ದಬಲ್ಲನು. ಚಿತ್ರದಲ್ಲಿಲ್ಲದ ಮೀಸೆಯನ್ನಾದರೋ ನೂರು ವರ್ಷದ ಮೇಲೂ ಯಾರೂ ಎಣಿಸಲಾರರು. ಆದಕಾರಣ ಮಾದರಿಯ ಹಿರಿಮೆಯನ್ನು ಅಲ್ಲಗಳೆಯುವದು ನ್ಯಾಯವಲ್ಲ.

ಆದರೂ ಚಿತ್ರದಿಂದಲೇ ತೃಪ್ತರಾಗಬಯಸುವವರ ಮನಸ್ಸನ್ನು ಹಗುರಾಗಿ ಕಾಣಲಾಗದು. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯಿರುವ ಈ ನಾಡಿನಲ್ಲಿ, ದಯೆಯಿಲ್ಲದ ಧರ್ಮವನ್ನು ಧರ್ಮವೆಂದು ಯಾರೂ ಒಪ್ಪುವದಿಲ್ಲ. ತನ್ನ ಕುತೂಹಲವೊಂದರ ನಿಮಿತ್ತವಾಗಿ ಹುಳುವಿನ ಪ್ರಾಣವನ್ನು ತೆಗೆಯಲು ಹಿಂಜರಿಯುವ ವಿದ್ಯಾರ್ಥಿಯು ವಿದ್ಯೆಗೆ ಹೊರಗಾದವನಲ್ಲ. ಒಕ್ಕಲಿಗನು ಬೆಳೆಗಾಗಿ ಒಂದು ದಿನದಲ್ಲಿ ಸಾವಿರಾರು ಹುಳುಗಳನ್ನು ಕೊಲ್ಲುವನಲ್ಲವೇ, ಒಂದರ ಮಾತೇನು, ಎಂದು ಕೆಲವರು ನಗಬಹುದು. ಒಕ್ಕಲಿಗನಿಗೆ ಅದು ಅನ್ನದ ಪ್ರಶ್ನೆ. ವಿದ್ಯಾರ್ಥಿಗೆ ಹೆಸರಿನ ಪ್ರಶ್ನೆ. ಪ್ರಯೋಜನವು ಬೇರೆಯಾದಲ್ಲಿ ಕರ್ಮದ ತೂಕವೂ ಬೇರೆಯಾಗುವದು.

ಸಿದ್ಧಾಂತವಾದರೋ ಇಷ್ಟು. ಜೀವವನ್ನು ಉಳಿಸಿದವನು ಅನೇಕ ವೇಳೆ ಹೆಸರನ್ನು ಬಿಟ್ಟುಕೊಡಬೇಕಾಗುವದು. ಅಹಿಂಸೆಗೂ ಒಂದು ಬೆಲೆಯುಂಟು. ಜೀರುಂಡೆಯ ವಿಷಯದಲ್ಲಿ ಆ ಬೆಲೆಯು ಪ್ರಭೇದದ ನಿಶ್ಚಯ. ಅದನ್ನು ಸಂತೋಷದಿಂದ ತೆತ್ತು ‘ಕುಲವಿಷ್ಟೇ ತಿಳಿಯಿತು, ಹುಳು ಹಾರಿಹೋಯಿತು’ ಎನ್ನುವವನು ದಯೆಯನ್ನೂ ಸತ್ಯವನ್ನೂ ಉಳಿಸಿಕೊಂಡನು. ಹುಳುವೂ ಬದುಕಿರಬೇಕು, ಪೂರ್ತಿ ಹೆಸರೂ ಸಿಕ್ಕಬೇಕು ಎಂದು ಹಟ ಹಿಡಿದವನು ಆ ಬೆಲೆಯನ್ನು ಸತ್ಯದ ಗಂಟಿನಿಂದ ತೆರುತ್ತಾನೆ. ದಯೆಯ ಸಾಲವನ್ನು ಸುಳ್ಳಿನಿಂದ ತೀರಿಸಲಾಗದು. ಬೆಳೆಯ ಅಥವಾ ಶಾಸ್ತ್ರದ ನಿಜವಾದ ಪ್ರಯೋಜನಕ್ಕೆ ನಿಶ್ಚಯವೇ ಬೇಕಾದಲ್ಲಿ ಮಾತ್ರ ಒಂದೆರಡನ್ನು ಹಿಡಿದು, ವಿಜಯಪುರದ ಕೃಷಿ ಮಹಾವಿದ್ಯಾಲಯದಂಥ ಕಡೆ ಬಲ್ಲವರ ಕೈಗೆ ಒಪ್ಪಿಸಬೇಕು; ಆಗ ಆ ಸಾವು ವ್ಯರ್ಥವಾಗದು. ರಾತ್ರಿ ದೀಪದ ಕೆಳಗೆ ತಾವಾಗಿಯೇ ಸತ್ತುಬಿದ್ದವುಗಳನ್ನು ಜೋಪಾನವಾಗಿ ಆರಿಸಿಟ್ಟರೆ ಎಷ್ಟೋ ವೇಳೆ ಕೊಲ್ಲುವ ಪ್ರಸಂಗವೇ ಬಾರದು.

ಇದರಿಂದ ಮೂವರ ಧರ್ಮವೂ ಸ್ಪಷ್ಟವಾಗುವದು. ಚಿತ್ರ ಕಳಿಸುವವನು ಸಾಕ್ಷಿಯಂತೆ ನಡೆದುಕೊಳ್ಳಬೇಕು. ಬೆನ್ನು, ಮಗ್ಗುಲು, ಮೋರೆ, ಸಾಧ್ಯವಾದರೆ ಹೊಟ್ಟೆ, ಇವುಗಳ ಬೇರೆಬೇರೆ ಚಿತ್ರಗಳನ್ನು ತೆಗೆಯಬೇಕು; ಪಕ್ಕದಲ್ಲಿ ಅಳತೆಪಟ್ಟಿಯನ್ನಿಡಬೇಕು; ಊರು, ತಿಥಿ, ಹುಳುವಿದ್ದ ಗಿಡ ಇವನ್ನು ಬರೆಯಬೇಕು. ಚಿತ್ರವನ್ನು ಚಂದಗಾಣಿಸಲು ಬಣ್ಣವನ್ನು ತಿದ್ದುವದು ಸಾಕ್ಷಿಯನ್ನು ತಿದ್ದಿದಂತೆಯೇ ಸರಿ. ಹೆಸರು ಹೇಳುವವನು ಯಾವ ಗುರುತಿನಿಂದ ಹಾಗೆ ಹೇಳಿದನೆಂಬದನ್ನೂ ಕೂಡಿಯೇ ಹೇಳಬೇಕು. ಹೇತುವಿಲ್ಲದ ಪ್ರತಿಜ್ಞೆಯು ಶಾಸ್ತ್ರಕ್ಕೆ ಸಲ್ಲದು. ಹೇತುವನ್ನು ತಿಳಿದ ವಿದ್ಯಾರ್ಥಿಯು ಮುಂದಿನ ಹುಳುವನ್ನು ತಾನೇ ಗುರುತಿಸಬಲ್ಲನು. ಉತ್ಸಾಹವನ್ನು ಬೆಳೆಸುವದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹೆಸರನ್ನು ಸ್ವೀಕರಿಸುವವನು ಹೆಸರನ್ನೇ ತೀರ್ಪೆಂದು ತಿಳಿಯಲಾಗದು. ತೊಗರಿಯ ಹೂವನ್ನು ತಿನ್ನುವ ಮೈಲಾಬ್ರಿಸ್ ಎಂಬ ಬೊಬ್ಬೆಹುಳುವಿನ ಮರಿಗಳು ನೆಲದೊಳಗೆ ಮಿಡತೆಯ ತತ್ತಿಗಳನ್ನು ತಿನ್ನುವವು. ಒಂದೇ ಪ್ರಾಣಿಯು ಒಂದು ಪ್ರಾಯದಲ್ಲಿ ಹಗೆ, ಇನ್ನೊಂದು ಪ್ರಾಯದಲ್ಲಿ ನಂಟ.

ಯಾರು ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನೋ ಅವನೇ ಆಪ್ತನೆಂದು ವಾತ್ಸ್ಯಾಯನರು ಹೇಳಿದ್ದಾರೆ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಒಂದೇ ಎಂದೂ ಸೇರಿಸಿದ್ದಾರೆ. ಆಪ್ತತ್ವವು ಕುಲದಿಂದಲಾಗಲಿ ಪದವಿಯಿಂದಲಾಗಲಿ ಬರುವದಲ್ಲ. ಕಂಡಷ್ಟನ್ನೇ ಹೇಳುವ ನಿಗ್ರಹದಿಂದ ಬರುವದು. ಬೆರಳುಗುರಿನಷ್ಟು ಹುಳುವಿನ ವಿಷಯದಲ್ಲಿ ಈ ನಿಗ್ರಹವನ್ನು ಕಲಿತ ಹುಡುಗನು ಮುಂದೆ ನೆರೆಯವನ ನಡತೆಯ ವಿಷಯದಲ್ಲಿಯೂ, ಊರಿನ ವ್ಯಾಜ್ಯದ ವಿಷಯದಲ್ಲಿಯೂ ಒಂದು ಮಗ್ಗುಲಿನ ಚಿತ್ರವನ್ನು ಕಂಡು ಹೆಸರು ಕೊಡಲು ಅವಸರಪಡಲಿಕ್ಕಿಲ್ಲ. ಜೀರುಂಡೆಯ ವಿದ್ಯೆಯಿಂದ ಇಷ್ಟು ದೊರೆತರೆ ಅದು ಸಣ್ಣ ವಿದ್ಯೆಯಲ್ಲ.